ಹಳೆಯ ಕಂಪ್ಯೂಟರಿಗೆ ಮರುಜೀವ: ಗ್ರಾಫಿಕ್ಸ್ ಕಾರ್ಡ್, ಎಸ್‌ಎಂಪಿಎಸ್ ಮತ್ತು ಗುಜರಿಯ ದಾರಿ

(ಉಪನ್ಯಾಸದ ಪಠ್ಯ)



ಬೆಂಗಳೂರಿನಿಂದ ಶಿವಮೊಗ್ಗದ ಕಡೆಗೆ ಹೊರಟ ಬಸ್ಸು ಮೊದಲು ಪೀಣ್ಯವನ್ನು, ಆಮೇಲೆ ನೆಲಮಂಗಲವನ್ನು, ಅನಂತರ ದಾಬಸ್‌ಪೇಟೆಯನ್ನು ಹಾದುಹೋಗುತ್ತದೆ. ದೇಶದ ಮೊದಲ ಅಧಿಕೃತ ವಿದ್ಯುನ್ಮಾನ ತ್ಯಾಜ್ಯ ಸಂಸ್ಕರಣಾ ಘಟಕಗಳಲ್ಲೊಂದಾದ ‘ಇ-ಪರಿಸರ’ 2005ರಲ್ಲಿ ಆರಂಭವಾದದ್ದು ಈ ದಾಬಸ್‌ಪೇಟೆಯ ಕೈಗಾರಿಕಾ ಪ್ರದೇಶದಲ್ಲಿ. ನಗರದ ಇನ್ನೊಂದು ಅಂಚಿನಲ್ಲಿರುವ ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳು ಕೈಬಿಟ್ಟ ಕಂಪ್ಯೂಟರುಗಳಿಗೆ ಇಂಥ ಘಟಕಗಳೇ ಕೊನೆಯ ನಿಲ್ದಾಣವಾಗಬೇಕೆಂಬುದು ಕಾನೂನಿನ ಆಶಯ. ಆದರೆ ಎಲ್ಲವೂ ಅಲ್ಲಿಗೆ ತಲುಪುವುದಿಲ್ಲ. ಕೆಲವು ಗುಜರಿ ಕೇರಿಗಳ ಪಾಲಾಗುತ್ತವೆ. ಮತ್ತೆ ಕೆಲವು ಎಸ್.ಪಿ. ರಸ್ತೆಯ ಅಂಗಡಿಗಳಿಂದ ಕೈಬದಲಾಗಿ ಮಲೆನಾಡಿನ ಪ್ರೌಢಶಾಲೆ, ಸಹಕಾರ ಸಂಘ, ಮನೆಗಳ ಮೇಜಿನ ಮೇಲೆ ಬಂದು ಕೂರುತ್ತವೆ. ಇಂದಿನ ಮಾತು ಈ ಮೂರನೆಯ ದಾರಿಯನ್ನು ಕುರಿತದ್ದು.

ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ ಹೊಲಗಳಲ್ಲಿ ಕಿಯೋನಿಕ್ಸ್ ಸಂಸ್ಥೆ 1978ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿದಾಗ, ಅಲ್ಲಿಂದ ಹೊರಬೀಳುವ ಕಸದ ಯೋಚನೆ ಯಾರಿಗೂ ಬರಲಿಲ್ಲ. ಬರುವ ಕಾಲವೂ ಅದಾಗಿರಲಿಲ್ಲ. ಈಗಿನ ಲೆಕ್ಕ ಬೇರೆ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಪ್ರಕಟಿಸಿದ 2024ರ ವರದಿಯಂತೆ, 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ವಿದ್ಯುನ್ಮಾನ ತ್ಯಾಜ್ಯ 6.2 ಕೋಟಿ ಟನ್ನು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋಯಿತೆಂದು ದಾಖಲಾದದ್ದು ಶೇಕಡ 22.3 ಮಾತ್ರ.

ಕಚೇರಿಯ ಕಂಪ್ಯೂಟರು ಕೆಟ್ಟು ಹೊರಬೀಳುವುದಕ್ಕಿಂತ ಅವಧಿ ಮುಗಿದು ಹೊರಬೀಳುವುದೇ ಹೆಚ್ಚು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ ಕೊನೆಗೊಂಡಿತು. ಅದರ ಮುಂದಿನ ಆವೃತ್ತಿಯಾದ ವಿಂಡೋಸ್ 11, 2017ಕ್ಕಿಂತ ಹಿಂದಿನ ಬಹುಪಾಲು ಪ್ರೊಸೆಸರುಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಯಂತ್ರ ಗಟ್ಟಿಯಾಗಿದ್ದರೂ ಬಾಗಿಲು ಮುಚ್ಚಿತು. ಇಲ್ಲಿ ವಿದ್ಯಾರ್ಥಿಗಳು ಒಂದು ಸಂಗತಿಯನ್ನು ಸ್ಪಷ್ಟವಾಗಿ ತಿಳಿಯಬೇಕು: ಎಷ್ಟೇ ಬೆಲೆಯ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದರೂ ಈ ಬಾಗಿಲು ತೆರೆಯದು, ಏಕೆಂದರೆ ಅಡ್ಡಿ ಇರುವುದು ಪ್ರೊಸೆಸರ್ ಮತ್ತು ಮದರ್‌ಬೋರ್ಡಿನಲ್ಲಿ. ಅಂಥ ಯಂತ್ರಕ್ಕೆ ಗ್ನೂ/ಲಿನಕ್ಸ್ ಸುಲಭದ ದಾರಿ. ಅದಕ್ಕೆ ಪರವಾನಗಿ ಶುಲ್ಕವಿಲ್ಲ, ಕನ್ನಡದಲ್ಲಿ ಬರೆಯಲೂ ಅಡ್ಡಿಯಿಲ್ಲ.

ಹಾಗಾದರೆ ಗ್ರಾಫಿಕ್ಸ್ ಕಾರ್ಡ್ ಯಾರಿಗೆ ಬೇಕು? ಅರ್ಜಿ ಬರೆಯಲು, ಸಂಘದ ಲೆಕ್ಕ ಇಡಲು, ಪಾಠದ ವಿಡಿಯೊ ನೋಡಲು ಪ್ರೊಸೆಸರಿನೊಳಗೇ ಇರುವ ಚಿತ್ರಶಕ್ತಿ ಧಾರಾಳವಾಗಿ ಸಾಕು. ಯಂತ್ರ ನಿಧಾನವೆನಿಸಿದರೆ ಮೊದಲು ರ್‍ಯಾಮ್ ಹೆಚ್ಚಿಸಿ, ತಿರುಗುವ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕುವುದೇ ಜಾಣತನ. ವಿಡಿಯೊ ಸಂಕಲನ, ಕಟ್ಟಡ ವಿನ್ಯಾಸ, ಬ್ಲೆಂಡರಿನಂಥ ಮೂರು ಆಯಾಮದ ಚಿತ್ರರಚನೆ ಕಲಿಯುವ ವಿದ್ಯಾರ್ಥಿಗೆ ಮಾತ್ರ ಪ್ರತ್ಯೇಕ ಕಾರ್ಡ್ ನಿಜವಾದ ಅಗತ್ಯ. (ಆಟ ಆಡುವವರಿಗೂ ಬೇಕು, ಅದನ್ನು ಅಗತ್ಯವೆನ್ನಬೇಕೇ ಎಂಬುದನ್ನು ಮನೆಯವರು ತೀರ್ಮಾನಿಸಲಿ.)

ಅಗತ್ಯವೆಂದು ತೀರ್ಮಾನವಾದ ಮೇಲೆ ಕೈ ಹೋಗಬೇಕಾದದ್ದು ಅಂಗಡಿಯವನ ಪಟ್ಟಿಗಲ್ಲ, ಕ್ಯಾಬಿನೆಟ್ಟಿನ ಒಳಗಿರುವ ಎಸ್‌ಎಂಪಿಎಸ್ ಡಬ್ಬಿಯ ಮೇಲೆ ಅಂಟಿಸಿದ ಚೀಟಿಗೆ. ಮನೆಯ 230 ವೋಲ್ಟಿನ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟಿನ ನೇರ ವಿದ್ಯುತ್ತಾಗಿ ಇಳಿಸುವುದು ಈ ಡಬ್ಬಿಯ ಕೆಲಸ. ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಬಹುಮಟ್ಟಿಗೆ 12 ವೋಲ್ಟಿನ ಸಾಲಿನಿಂದಲೇ ಉಣ್ಣುತ್ತವೆ. ಆದ್ದರಿಂದ ದೊಡ್ಡ ಅಕ್ಷರದ ಒಟ್ಟು ವ್ಯಾಟನ್ನು ಬಿಟ್ಟು, 12 ವೋಲ್ಟಿನ ಮುಂದೆ ಬರೆದಿರುವ ಆಂಪಿಯರನ್ನು ಓದಬೇಕು. 16 ಆಂಪಿಯರ್ ಎಂದಿದ್ದರೆ 12ರಿಂದ ಗುಣಿಸಿ, 192 ವ್ಯಾಟ್. ಈಗ ಖರ್ಚಿನ ಕಡೆ ನೋಡಿದರೆ, 2013ರ ಸುಮಾರಿನ ಸಾಮಾನ್ಯ ಕಚೇರಿ ಪ್ರೊಸೆಸರಿಗೆ 84 ವ್ಯಾಟ್. ಡಿಸ್ಕು, ಫ್ಯಾನು, ಮದರ್‌ಬೋರ್ಡು ಸೇರಿ ಸುಮಾರು 45. ಮದರ್‌ಬೋರ್ಡಿನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಕಾರ್ಡಿಗೆ ಕೊಡಬಲ್ಲ ಗರಿಷ್ಠ 75. ಒಟ್ಟು 204. ಹಳೆಯ ಡಬ್ಬಿ ಇದನ್ನು ತಾಳದು. ತಾಳಿದಂತೆ ಕಂಡರೂ, ಹೊರೆ ಏರಿದ ಕ್ಷಣ ಯಂತ್ರ ತಾನಾಗಿ ಆರಿಹೋಗುತ್ತದೆ. ಆಗ ಕೆಟ್ಟದ್ದು ಕಾರ್ಡೇ ಎಂದು ಭಾವಿಸಿ ಅದನ್ನು ಹಿಂದಿರುಗಿಸುವವರೇ ಹೆಚ್ಚು.

ಇದಕ್ಕಿಂತ ಬಲವಾದ ಕಾರ್ಡುಗಳು ಎಸ್‌ಎಂಪಿಎಸ್‌ನಿಂದ ನೇರವಾಗಿ ತಂತಿ ಕೇಳುತ್ತವೆ. ಆರು ಪಿನ್ನಿನ ತಂತಿ ಇನ್ನೂ 75 ವ್ಯಾಟನ್ನೂ, ಎಂಟು ಪಿನ್ನಿನದು 150 ವ್ಯಾಟನ್ನೂ ಒಯ್ಯುವಂತೆ ರೂಪಿತವಾದದ್ದು. ಮೇಲಿನ ಲೆಕ್ಕಕ್ಕೆ ಆರು ಪಿನ್ನಿನ ಕಾರ್ಡ್ ಸೇರಿದರೆ 279 ವ್ಯಾಟ್ ಆಗುತ್ತದೆ. ಒಳ್ಳೆಯ ಗುಣಮಟ್ಟದ 450 ವ್ಯಾಟಿನ ಡಬ್ಬಿ ಇದಕ್ಕೆ ನೆಮ್ಮದಿಯಾಗಿ ಸಾಕು. ಸಾವಿರ ವ್ಯಾಟಿನದು ಹಣದ ಪೋಲು. ಗುಣಮಟ್ಟ ತಿಳಿಯಲು ‘80 ಪ್ಲಸ್’ ಗುರುತು ಒಂದು ಆಧಾರ. 2004ರಲ್ಲಿ ಬಂದ ಈ ಗುರುತಿನ ಅರ್ಥ, ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ಶೇಕಡ 80ಕ್ಕೆ ಕಡಿಮೆಯಿಲ್ಲದಂತೆ ಯಂತ್ರಕ್ಕೆ ತಲುಪುತ್ತದೆ, ಉಳಿದದ್ದು ಶಾಖವಾಗುತ್ತದೆ ಎಂದು. 204 ವ್ಯಾಟಿನ ಹೊರೆಗೆ ಇಂಥ ಡಬ್ಬಿ 255 ವ್ಯಾಟ್ ಎಳೆದರೆ, ಶೇಕಡ 70ರ ಅಗ್ಗದ ಡಬ್ಬಿ 291 ಎಳೆಯುತ್ತದೆ. ಪೂರ್ಣ ಹೊರೆಯಲ್ಲಿ ದಿನಕ್ಕೆ ಆರು ಗಂಟೆ, ವರ್ಷಕ್ಕೆ ಮುನ್ನೂರು ದಿನ ದುಡಿಸಿದರೆ ವ್ಯತ್ಯಾಸ ಸುಮಾರು 65 ಯೂನಿಟ್. ಶರಾವತಿಯ ನೀರು ಯಾವ ಹಳ್ಳಿಗಳನ್ನು ಮುಳುಗಿಸಿ ಬೆಳಕಾಯಿತೆಂದು ಬಲ್ಲ ಜನಕ್ಕೆ, ಬರಿಯ ಶಾಖವಾಗಿ ಹೋಗುವ 65 ಯೂನಿಟ್ಟಿನ ಬೆಲೆ ಬಿಲ್ಲಿನಲ್ಲಿ ಕಾಣುವುದಕ್ಕಿಂತ ಹೆಚ್ಚು.

ಕಚೇರಿಯಿಂದ ಬಂದ ಯಂತ್ರಗಳಲ್ಲಿ ಇನ್ನೊಂದು ತೊಡಕಿದೆ. ಎಸ್‌ಎಂಪಿಎಸ್ ಮತ್ತು ಕ್ಯಾಬಿನೆಟ್ಟಿನ ಅಳತೆಗಳಿಗೆ 1995ರಲ್ಲಿಯೇ ಎಟಿಎಕ್ಸ್ ಎಂಬ ಸಾಮಾನ್ಯ ಮಾನದಂಡ ಬಂದಿತ್ತು. ಆದರೂ ದೊಡ್ಡ ಕಂಪನಿಗಳ ಹಲವು ಮಾದರಿಗಳಲ್ಲಿ ಡಬ್ಬಿಯ ಆಕಾರವೇ ಬೇರೆ, ಮದರ್‌ಬೋರ್ಡಿಗೆ ಹೋಗುವ ಪಿನ್ನುಗಳ ಸಂಖ್ಯೆಯೂ ಬೇರೆ. ಪೇಟೆಯ ಸಾಮಾನ್ಯ ಎಸ್‌ಎಂಪಿಎಸ್ ಅಲ್ಲಿ ಕೂರುವುದಿಲ್ಲ. ಒಂದು ಕಾಸಿನ ಭಾಗಕ್ಕಾಗಿ ಇಡೀ ಯಂತ್ರವನ್ನು ಗುಜರಿಗೆ ತಳ್ಳುವ ಇಂಥ ವಿನ್ಯಾಸವನ್ನು ಪರಿಸರದ ಅಪರಾಧವೆಂದು ಕರೆಯುವುದು ಅತಿಶಯೋಕ್ತಿಯೇನಲ್ಲ. ಅಂಥ ಸಣ್ಣ ಕ್ಯಾಬಿನೆಟ್ಟಿನಲ್ಲಿ ಹೆಚ್ಚುವರಿ ತಂತಿ ಕೇಳದ, ಸ್ಲಾಟಿನ ವಿದ್ಯುತ್ತಿನಲ್ಲೇ ನಡೆಯುವ, ಅರ್ಧ ಎತ್ತರದ ‘ಲೋ ಪ್ರೊಫೈಲ್’ ಕಾರ್ಡ್ ಒಂದೇ ಗತಿ. ಅದನ್ನೂ ಮೇಲಿನಂತೆ ಆಂಪಿಯರ್ ಲೆಕ್ಕ ಹಾಕಿಯೇ ಕೊಳ್ಳಬೇಕು. 30 ವ್ಯಾಟಿನಲ್ಲಿ ನಡೆಯುವ ಕಾರ್ಡುಗಳೂ ಉಂಟು.

ಮಲೆನಾಡಿನ ಹವೆಗೆ ಕೆಲವು ಮಾತು. ಮಳೆಗಾಲದ ತೇವ, ಇರುವೆ ಮತ್ತು ಹಲ್ಲಿ ಎಸ್‌ಎಂಪಿಎಸ್‌ನ ಕಿಂಡಿಗಳಿಂದ ಒಳಸೇರುತ್ತವೆ. ಸಿಡಿಲಿನ ಹೊತ್ತಿಗೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಅರ್ಥಿಂಗ್ ಇಲ್ಲದ ಮನೆಯಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುವುದುಂಟು. ಅದು ಸಹಜವೆಂದು ಬಿಡಬಾರದು. ಹಳೆಯ ಡಬ್ಬಿಗಳ ಹಿಂದೆ 115 ಮತ್ತು 230 ಎಂದು ಬರೆದ ಕೆಂಪು ಸ್ವಿಚ್ ಇದ್ದರೆ ಅದು 230ರಲ್ಲೇ ಇರಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಕಾರ್ಡನ್ನು ಯಾರೂ ಬಿಚ್ಚಿ ಜೋಡಿಸಬಹುದು, ಆದರೆ ಎಸ್‌ಎಂಪಿಎಸ್ ಡಬ್ಬಿಯ ಮುಚ್ಚಳವನ್ನು ಯಾವ ವಿದ್ಯಾರ್ಥಿಯೂ ತೆರೆಯಬಾರದು. ಪ್ಲಗ್ ಕಿತ್ತ ಮೇಲೂ ಅದರೊಳಗಿನ ದೊಡ್ಡ ಕೆಪಾಸಿಟರುಗಳಲ್ಲಿ 300 ವೋಲ್ಟಿಗೂ ಮೀರಿದ ವಿದ್ಯುತ್ತು ಸ್ವಲ್ಪಕಾಲ ಉಳಿದಿರುತ್ತದೆ. ಅದು ಜೀವ ತೆಗೆಯಬಲ್ಲದು. ಡಬ್ಬಿ ಕೆಟ್ಟರೆ ಇಡಿಯಾಗಿಯೇ ಬದಲಿಸುವುದು.

ಇನ್ನು ಹೊರತೆಗೆದ ಹಳೆಯ ಡಬ್ಬಿ ಮತ್ತು ಹಳೆಯ ಕಾರ್ಡಿನ ಗತಿ. ಡಬ್ಬಿಯೊಳಗೆ ತಾಮ್ರದ ಸುರುಳಿ, ಅಲ್ಯೂಮಿನಿಯಂ ಫಲಕ, ಪಿವಿಸಿ ಹೊದಿಕೆಯ ತಂತಿಗಳಿವೆ. ಕಾರ್ಡಿನ ಅಂಚಿನಲ್ಲಿ ಮಿನುಗುವುದು ಚಿನ್ನದ ತೆಳುಲೇಪ. ಹಳೆಯ ಬೆಸುಗೆಯಲ್ಲಿ ಸೀಸವಿದೆ. 2001ರ ಫೆಬ್ರವರಿಯಲ್ಲಿ ಮುಚ್ಚಿದ ಕೋಲಾರದ ಗಣಿಯ ಒಂದು ಟನ್ ಅದಿರಿನಲ್ಲಿ ಕೊನೆಯ ದಿನಗಳಲ್ಲಿ ಸಿಗುತ್ತಿದ್ದುದು ಕೆಲವೇ ಗ್ರಾಂ ಚಿನ್ನ. ಒಂದು ಟನ್ ಸರ್ಕಿಟ್ ಬೋರ್ಡುಗಳಲ್ಲಿ ಅದರ ಅನೇಕ ಪಟ್ಟು ಇರುತ್ತದೆ. ಗುಜರಿ ಕೇರಿಯ ಹುಡುಗರು ಬರಿಗೈಯಲ್ಲಿ ಆಮ್ಲದ ಬಕೆಟ್ಟಿಗೆ ಬೋರ್ಡು ಅದ್ದುವುದು ಆ ಆಸೆಯಿಂದಲೇ. ತಾಮ್ರಕ್ಕಾಗಿ ತಂತಿ ಸುಟ್ಟರೆ ಪಿವಿಸಿಯ ಹೊಗೆಯಲ್ಲಿ ಡಯಾಕ್ಸಿನ್ ಏಳುತ್ತದೆ, ಆಮ್ಲದ ನೀರು ಚರಂಡಿಗಿಳಿಯುತ್ತದೆ.

ಕಾನೂನು ಇಲ್ಲದಿಲ್ಲ. 2012ರ ಮೇ 1ರಂದು ಜಾರಿಗೆ ಬಂದ ಮೊದಲ ನಿಯಮಗಳು ತ್ಯಾಜ್ಯದ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿದವು. 2016ರಲ್ಲಿ ಅವು ಬದಲಾದವು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳಂತೆ, ಉಪಕರಣಗಳನ್ನು ದುರಸ್ತಿಗೊಳಿಸಿ ಮರುಬಳಕೆಗೆ ಒದಗಿಸುವ ಘಟಕಗಳೂ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ದೊಡ್ಡ ಕಚೇರಿಗಳು ತಮ್ಮ ತ್ಯಾಜ್ಯವನ್ನು ನೋಂದಾಯಿತರಿಗೇ ಕೊಡಬೇಕು. ಹಳ್ಳಿಯ ಒಂಟಿ ಮನೆಗೆ ಈ ವ್ಯವಸ್ಥೆ ತಲುಪುವುದು ಕಷ್ಟ. ಆದ್ದರಿಂದ ಊರಿನ ಶಾಲೆ ಅಥವಾ ಸಹಕಾರ ಸಂಘದಲ್ಲಿ ಒಂದು ಒಣ ಪೆಟ್ಟಿಗೆಯಿಟ್ಟು ಹಳೆಯ ಕಾರ್ಡು, ಎಸ್‌ಎಂಪಿಎಸ್, ತಂತಿಗಳನ್ನು ಒಡೆಯದೆ ಕೂಡಿಡಬಹುದು. ಪೆಟ್ಟಿಗೆ ತುಂಬಿದಾಗ, ಬೆಂಗಳೂರಿಗೆ ಅಡಿಕೆ ಇಳಿಸಲು ಹೋಗುವ ಲಾರಿಯಲ್ಲೇ ಅದನ್ನು ನೋಂದಾಯಿತ ಘಟಕಕ್ಕೆ ಕಳುಹಿಸಿ, ರಸೀದಿ ಪಡೆದು ಸಂಘದ ಕಡತದಲ್ಲಿ ಇಡುವುದು.