ಒತ್ತಕ್ಷರದ ಕಾಲು ಕತ್ತರಿಸಿದವರು ಯಾರು?



ಪಿಯುಸಿ ಓದಿ ಪ್ರೆಸ್ ನಡೆಸುವವನು ಸಾಫ್ಟ್‌ವೇರ್ ಬಗ್ಗೆ ಏನು ಹೇಳ್ತಾನೆ ಅಂತ ನಗಬೇಡಿ. ಅದರ ಏಟು ಬೀಳುವುದು ನಮ್ಮ ಮೇಜಿನ ಮೇಲೆಯೇ!

ಅಮೆರಿಕದ ಮೆಲ್ವಿನ್ ಕಾನ್ವೇ 1968ರಲ್ಲೇ ಬರೆದರು: ಸಂಸ್ಥೆಯೊಳಗೆ ಯಾರು ಯಾರೊಡನೆ ಮಾತಾಡುತ್ತಾರೋ, ಅದು ಕಟ್ಟುವ ವ್ಯವಸ್ಥೆಯೂ ಅದೇ ಆಕಾರ ತಾಳುತ್ತದೆ. ಅವರ ಉದಾಹರಣೆ ಕೇಳಿ. ಎಂಟು ಜನರಲ್ಲಿ ಐವರಿಗೆ ಕೋಬಾಲ್ ಕಂಪೈಲರ್, ಮೂವರಿಗೆ ಆಲ್ಗಾಲ್ ಕಂಪೈಲರ್ ವಹಿಸಿದರು. ಮೊದಲನೆಯದು ಐದು ಹಂತಗಳಲ್ಲಿ ಓಡಿತು, ಎರಡನೆಯದು ಮೂರರಲ್ಲಿ!

ನಮ್ಮಲ್ಲೂ ಅದೇ ಕಥೆ. ಡಿಟಿಪಿ ಬಂದಾಗ ಕನ್ನಡ ಫಾಂಟ್ ಮಾಡಿದ ಕಂಪನಿಗಳು ತಂತಮ್ಮ ಬಾಗಿಲು ಹಾಕಿಕೊಂಡು ತಂತಮ್ಮದೇ ಸಂಕೇತ ಕೊಟ್ಟವು. ಒಂದರಲ್ಲಿ ಹೊಡೆದ ಕನ್ನಡ ಇನ್ನೊಂದರಲ್ಲಿ ಕಸ! 1991ರಲ್ಲೇ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿತು. ಆದರೂ ಇವತ್ತಿಗೂ ನನ್ನ ಪ್ರೆಸ್ಸಿಗೆ ಹಳೇ ಫಾಂಟಿನ ಫೈಲುಗಳು ಬರುತ್ತವೆ. ಅವನ್ನು ಯೂನಿಕೋಡ್‌ಗೆ ತಿರುಗಿಸಿ, ಮುರಿದ ಒತ್ತಕ್ಷರ ತಿದ್ದಲೆಂದೇ ಒಬ್ಬ ಹುಡುಗನನ್ನು ಇಟ್ಟುಕೊಂಡಿದ್ದೇನೆ. ಅವರು ಕಟ್ಟಿದ ಗೋಡೆಗೆ ನನ್ನಲ್ಲೊಂದು ನೌಕರಿ! ಪಾಪ, ಅವನಿಗದು ಅನ್ನ, ಬಿಡಿ.

ಈಗ ನಿಮ್ಮ ಮೊಬೈಲ್ ನೋಡಿ. ಎಷ್ಟೋ ಆಪ್‌ಗಳಲ್ಲಿ ಬಟನ್ನಿನ ಅಳತೆಯೆಲ್ಲ ಇಂಗ್ಲಿಷಿಗೆ ಹೊಂದಿಸಿ ಮುಗಿದ ಮೇಲೆ ಕನ್ನಡ ಅನುವಾದಕ್ಕೆ ಕಳಿಸುತ್ತಾರೆ. ಅನುವಾದಕನಿಗೆ ವಿನ್ಯಾಸ ಮಾಡಿದವನ ಮುಖವೇ ಗೊತ್ತಿರುವುದಿಲ್ಲ. ಕೊನೆಗೆ 'ರಾಷ್ಟ್ರ'ದ ಒತ್ತುಗಳು ಬಟನ್ನಿನ ಅಂಚಿನಲ್ಲಿ ಕತ್ತರಿಸಿಹೋಗುತ್ತವೆ! ಕನ್ನಡದವನು ಕಂಪನಿಯಲ್ಲಿ ಕೊನೆಯ ಕುರ್ಚಿಯಲ್ಲಿದ್ದರೆ ಪರದೆಯ ಮೇಲೆ ಕನ್ನಡಕ್ಕೂ ಕೊನೆಯ ಜಾಗವೇ.

ಬೆಂಗಳೂರಿನ ಕಂಪನಿಗಳಲ್ಲಿ ನೀವು ಸಾವಿರಾರು ಜನ ಇದ್ದೀರಿ. ಆಪ್ ಇನ್ನೂ ಕಾಗದದ ಮೇಲಿರುವಾಗಲೇ ಆ ಮೇಜಿಗೆ ಹೋಗಿ ಕೂತುಕೊಳ್ಳಿ. ಕರೆಯಲಿ ಅಂತ ಕಾಯಬೇಡಿ!