ಬಿದಿರುಕೋಲಿನ ತುದಿಯ ಇದ್ದಿಲು



ಹಳೆಯ ಕಪ್ಪುಬಿಳುಪು ಫೋಟೋ ಒಂದು ಬಹಳ ದಿನಗಳಿಂದ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ತೆಗೆದವರು ಯುದ್ಧದ ಚಿತ್ರಗಳಿಗೆ ಹೆಸರಾದ ರಾಬರ್ಟ್ ಕಾಪಾ. ವರ್ಷ 1949, ಊರು ಫ್ರಾನ್ಸಿನ ನೀಸ್. ಅದರಲ್ಲಿರುವವರು ಕಲಾವಿದ ಆನ್ರಿ ಮಾತೀಸ್. ಆಗ ಅವರಿಗೆ 79 ವರ್ಷ.

ಎದುರಿಗೆ ಗೋಡೆ. ಮಾತೀಸ್ ಅದರಿಂದ ದೂರ ನಿಂತಿದ್ದಾರೆ. ಕೈಯಲ್ಲಿ ಉದ್ದನೆಯ ಬಿದಿರುಕೋಲು, ಅದರ ತುದಿಯಲ್ಲಿ ಇದ್ದಿಲ ಕಡ್ಡಿ. ದೋಟಿ ಹಿಡಿದು ಮಾವಿನಕಾಯಿ ಕಿತ್ತವರಿಗೆ ಇದರ ಕಷ್ಟ ಗೊತ್ತು. ಇಲ್ಲಿ ಕೈ ಕೊಂಚ ಅಲುಗಿದರೆ ಅಲ್ಲಿ ತುದಿ ಗೇಣುದ್ದ ಅಲುಗುತ್ತದೆ. ಅಂಥ ಕೋಲಿನಲ್ಲಿ ಅವರು ಆಳೆತ್ತರದ ಆಕೃತಿಗಳನ್ನು ಬರೆಯುತ್ತಿದ್ದರು. 1941ರ ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ಹಾಸಿಗೆ, ಗಾಲಿಕುರ್ಚಿಗಳಲ್ಲೇ ಹೆಚ್ಚು ಕಾಲ ಕಳೆದ ದೇಹ ಅದು.

ವಾನ್ಸ್ ಎಂಬ ಊರಿನ ಪುಟ್ಟ ಪ್ರಾರ್ಥನಾಮಂದಿರಕ್ಕಾಗಿ ಆ ಸಿದ್ಧತೆ. 1951ರಲ್ಲಿ ಅದು ಪೂರ್ತಿಯಾಯಿತು. ಅಲ್ಲಿನ ಗೋಡೆಯ ಬಿಳಿ ಟೈಲುಗಳ ಮೇಲೆ ಸಂತ ಡೊಮಿನಿಕ್ ಬರೀ ಕಪ್ಪು ಗೆರೆಗಳಲ್ಲಿ ನಿಂತಿದ್ದಾರೆ. ಮುಖದಲ್ಲಿ ಕಣ್ಣಿಲ್ಲ, ಮೂಗಿಲ್ಲ. ನೋಡಿದವರಿಗೆ ಎಷ್ಟು ಸಲೀಸು ಅನ್ನಿಸುತ್ತದೆ! ಆ ಸಲೀಸಿನ ಹಿಂದಿನ ದುಡಿಮೆಗೆ ಈ ಫೋಟೋ ಸಾಕ್ಷಿ. ಅದಕ್ಕೇ ಕಾಪಾರಿಗೆ ನಾನು ಋಣಿ.

ನಿಮ್ಮ ಮನೆಯಲ್ಲೂ ಕೈಕೆಲಸ ಬಲ್ಲ ಹಿರಿಯರಿದ್ದರೆ, ಶಾಲು ಹೊದಿಸಿ ಕೂರಿಸಿದಾಗ ಮಾತ್ರವಲ್ಲ, ಅವರು ಕೆಲಸದಲ್ಲಿ ಮುಳುಗಿರುವಾಗಲೂ ಒಂದು ಫೋಟೋ ತೆಗೆದಿಡಿ.