ಬಳ್ಳಿ ಯಾರು, ಮರ ಯಾರು?



ಇಂಗ್ಲೆಂಡಿನಲ್ಲಿ ನೆಲೆಸಿದ ನಮ್ಮಲ್ಲಿ ಹಲವರ ಮನೆಗಳಲ್ಲಿ ಹದಿನಾರರ ಮಕ್ಕಳು ಜಿಸಿಎಸ್‌ಇ ಪರೀಕ್ಷೆಗೆ ಓದುತ್ತಿದ್ದಾರೆ. ಎಕ್ಯೂಎ ಮಂಡಳಿಯ ‘ಪ್ರೀತಿ ಮತ್ತು ಸಂಬಂಧಗಳು’ ಎಂಬ ಗುಚ್ಛದ 15 ಕವಿತೆಗಳಲ್ಲಿ ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್ ಬರೆದ 29ನೆಯ ಸುನೀತವೂ ಒಂದು. ರಾಬರ್ಟ್ ಬ್ರೌನಿಂಗ್ ತನ್ನನ್ನು ಕಾಣಲು ಬರುತ್ತಿದ್ದ 1845–46ರ ದಿನಗಳಲ್ಲಿ ಬರೆದ ಈ ಸರಣಿಯನ್ನು ಆಕೆ 1850ರಲ್ಲಿ, ಪೋರ್ಚುಗೀಸಿನಿಂದ ಅನುವಾದಿಸಿದ್ದೆಂಬ ನೆವದ ಹೆಸರಿನಲ್ಲಿ ಪ್ರಕಟಿಸಿದಳು.

ನನ್ನ ಮಗಳ ಅಭ್ಯಾಸದ ಉತ್ತರ ಹೀಗಿತ್ತು: ಬಳ್ಳಿ ಹೆಣ್ಣು, ಮರ ಗಂಡು, ವಿಕ್ಟೋರಿಯಾ ಯುಗದ ಹೆಣ್ಣು ಅವಲಂಬಿತೆ. ತಪ್ಪು ಅವಳೊಬ್ಬಳದಲ್ಲ. ಮರವನ್ನಪ್ಪಿದ ಲತೆಯನ್ನು ನಾವು ಕಾವ್ಯದಿಂದ ಸಿನಿಮಾ ಹಾಡಿನವರೆಗೆ ಮುದ್ದಿನಿಂದ ಸಾಕಿಕೊಂಡು ಬಂದಿದ್ದೇವೆ.

ಈ ಸುನೀತದಲ್ಲಿ ಬಳ್ಳಿ ಎಂದರೆ ಹೆಣ್ಣಲ್ಲ, ಆಕೆಯ ಯೋಚನೆಗಳು. ದೂರವಿರುವ ಪ್ರಿಯನ ಸುತ್ತ ಅವು ಎಷ್ಟು ದಟ್ಟವಾಗಿ ಹಬ್ಬಿವೆಯೆಂದರೆ ಮರವೇ ಕಾಣದಾಗಿದೆ. ಪ್ರಿಯನ ಬದಲು ಅವನ ಕುರಿತ ಕಲ್ಪನೆಯನ್ನೇ ಪ್ರೀತಿಸಿಬಿಡುವ ಅಪಾಯ ಆಕೆಗೆ ಗೊತ್ತು. ಆದ್ದರಿಂದ ಹಸಿರನ್ನೆಲ್ಲ ಕೊಡವಿ ಬಯಲಾಗಿ ನಿಲ್ಲುವಂತೆ ಮರಕ್ಕೇ ಆಜ್ಞೆ ಮಾಡುತ್ತಾಳೆ. ಅವಲಂಬಿತೆಯ ಮಾತಿನ ಧಾಟಿಯೇ ಇದು? ಪೆತ್ರಾರ್ಕನ ಮಾದರಿಯಲ್ಲಿ ತಿರುವು ಒಂಬತ್ತನೆಯ ಸಾಲಿಗೆ ಬರಬೇಕು. ಇಲ್ಲಿ ಐದನೆಯ ಸಾಲಿಗೇ ಮನಸ್ಸು ತಿರುಗುತ್ತದೆ. ಏಳರಲ್ಲಿ ಹೊರಟ ಆಜ್ಞೆ ಅಷ್ಟಕದ ಗಡಿಯಲ್ಲೂ ನಿಲ್ಲದೆ ಮುಂದಕ್ಕೆ ಹರಿಯುತ್ತದೆ. ‘ಎನ್‌ಜಾಂಬ್‌ಮೆಂಟ್ ಇದೆ’ ಎಂದು ಬರೆದು ಮುಂದೆ ಹೋಗುವ ವಿದ್ಯಾರ್ಥಿ ಹೆಸರು ಹೇಳಿದನೇ ಹೊರತು, ಕಾಯಲಾರದವಳ ಆತುರವನ್ನು ಕೇಳಿಸಿಕೊಳ್ಳಲಿಲ್ಲ.

30 ಅಂಕಗಳಲ್ಲಿ 6 ‘ಸಂದರ್ಭ’ಕ್ಕೆ ಮೀಸಲು. ನಾನು ಕಂಡ ಗೈಡುಗಳಲ್ಲಿ ಅದಕ್ಕೆ ಸಿದ್ಧ ವಾಕ್ಯವಿದೆ: ಮಕ್ಕಳು ಮದುವೆಯಾಗಕೂಡದೆಂದ ತಂದೆ, 1846ರ ಗುಟ್ಟಿನ ಮದುವೆ, ಇಟಲಿ. ಎಲ್ಲವೂ ನಿಜ. ಆದರೆ ಆ ತಂದೆಯ ಐಶ್ವರ್ಯ ಜಮೈಕಾದ ಕಬ್ಬಿನ ತೋಟಗಳಲ್ಲಿ ಗುಲಾಮರು ದುಡಿದದ್ದು. ಆಕೆಯ ಸ್ವಂತ ಹಣದಲ್ಲೂ ಜಮೈಕಾದಲ್ಲಿ ತೀರಿಕೊಂಡ ಚಿಕ್ಕಪ್ಪ ಬಿಟ್ಟುಹೋದ ಪಾಲಿತ್ತು. ತಂದೆಯಿಂದ ಬಿಡುಗಡೆ ಪಡೆದವಳು ಆ ಸಕ್ಕರೆಯಿಂದ ಪೂರ್ತಿ ಬಿಡುಗಡೆ ಪಡೆಯಲಿಲ್ಲ. ಓಡಿಹೋದ ಗುಲಾಮ ಹೆಣ್ಣೊಬ್ಬಳ ಬಾಯಿಂದ ಮಾತಾಡಿಸುವ ದೀರ್ಘ ಕವಿತೆಯನ್ನು ಅಮೆರಿಕದ ಗುಲಾಮಗಿರಿ ವಿರೋಧಿಗಳ 1848ರ ವಾರ್ಷಿಕ ಸಂಚಿಕೆಗೆ ಕೊಟ್ಟವಳೂ ಆಕೆಯೇ.

ಸುನೀತದ ಮರ ತಾಳೆಯ ಜಾತಿಯದು. ಅದನ್ನೂ ಜಮೈಕಾಕ್ಕೆ ಸಾಗಿಸುವ ಆಸೆ ನನಗಾಯಿತೆಂದು ಒಪ್ಪಿಕೊಳ್ಳುತ್ತೇನೆ. ಕವಿತೆ ಅದಕ್ಕೆ ಎಡೆಗೊಡುವುದಿಲ್ಲ. ಬೈಬಲ್ಲಿನ ಪರಮಗೀತೆಯಲ್ಲಿ ನಲ್ಲೆಯ ನಿಲುವಿಗೆ ಬಂದ ಹೋಲಿಕೆ ಇಲ್ಲಿ ನಲ್ಲನಿಗೆ ಸಂದಿದೆ ಎನ್ನುವುದು ಹೆಚ್ಚು ಫಲಕಾರಿ.

ಹಾಗಾದರೆ ಸಕ್ಕರೆಯ ಮಾತೇಕೆ? ಊರಿನ ಜಮೀನಿನ ಹಣದಲ್ಲಿ ಹೊರದೇಶಕ್ಕೆ ಬಂದು ಡಾಕ್ಟರೇಟ್ ಪಡೆದವನು ನಾನು. ಆ ಗದ್ದೆಯಲ್ಲಿ ಜೀತಕ್ಕಿದ್ದವರ ಹೆಸರುಗಳು ನಮ್ಮ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಅಜ್ಜನ ಕಠಿಣ ಸ್ವಭಾವದ ಕಥೆಗಳು ಮಾತ್ರ ಎಲ್ಲರಿಗೂ ಬಾಯಿಪಾಠ.

“ಅಪ್ಪಾ, ಇದನ್ನೆಲ್ಲ ಬರೆದರೆ ಅಂಕ ಕೊಡುತ್ತಾರಾ?” ಎಂದಳು ಮಗಳು. ಮೊದಲು ಬಳ್ಳಿಯನ್ನು ಸರಿಪಡಿಸು, ಆಮೇಲೆ ತಂದೆಯ ವಾಕ್ಯಕ್ಕೆ ಬಾ ಎಂದೆ. ‘ಕಠಿಣ ತಂದೆ’ ಎಂಬುದರ ಹಿಂದೆ ಅವಳು ಸೇರಿಸಿದ್ದು ಇಷ್ಟೇ: ‘ಜಮೈಕಾದ ಗುಲಾಮರ ದುಡಿಮೆಯಿಂದ ಶ್ರೀಮಂತನಾದ’.